ಪಿಎಚ್.ಡಿ ಮಾರ್ಗದರ್ಶಕರಿಗೊಂದು ಬಹಿರಂಗ ಪತ್ರ: ನಿಮ್ಮ ರಿಜೆಕ್ಟ್ ಪತ್ರಗಳನ್ನೂ ಮೇಜಿನ ಮೇಲಿಡಿ

ಕರ್ನಾಟಕದ ವಿಶ್ವವಿದ್ಯಾಲಯಗಳ ಪಿಎಚ್.ಡಿ ಮಾರ್ಗದರ್ಶಕರಿಗೆ ಮತ್ತು ಸಂಶೋಧನಾ ಸಲಹಾ ಸಮಿತಿಗಳ ಸದಸ್ಯರಿಗೆ,

ಮಾನ್ಯರೇ,

ಮೊನ್ನೆ ನಾನು ಸದಸ್ಯೆಯಾಗಿರುವ ಒಂದು ಸಲಹಾ ಸಮಿತಿಯಲ್ಲಿ ಆರು ತಿಂಗಳ ಪ್ರಗತಿ ಪರಿಶೀಲನೆ ನಡೆಯಿತು. ಇಬ್ಬರು ವಿದ್ಯಾರ್ಥಿಗಳಿದ್ದರು. ಮೊದಲನೆಯವನು ಎರಡು ಪೇಪರ್ ತೋರಿಸಿದ. ಎರಡೂ ಕಳಿಸಿದ 15 ದಿನದೊಳಗೆ ಪ್ರಕಟವಾಗಿದ್ದವು. ಒಂದರ ಕೋಷ್ಟಕದಲ್ಲಿ ಶೇಕಡಾವಾರು ಕೂಡಿದರೆ 111 ಬರುತ್ತಿತ್ತು. ಯಾರೂ ಕೇಳಲಿಲ್ಲ. ‘ಪ್ರಗತಿ ತೃಪ್ತಿಕರ’ ಎಂದು ಷರಾ ಬರೆದು ಸಹಿ ಹಾಕಿದೆವು. ನಾನೂ ಹಾಕಿದೆ.

ಎರಡನೆಯವಳ ಕೊನೆಯ ಸ್ಲೈಡಿನಲ್ಲಿ ಪಬ್ಲಿಕೇಶನ್ ಎಂಬುದರ ಮುಂದೆ ‘ಇಲ್ಲ’ ಎಂದಿತ್ತು. ‘ಏನಮ್ಮಾ, ಮೂರನೇ ವರ್ಷ ಬಂತು, ಇನ್ನೂ ಒಂದೂ ಪೇಪರ್ ಆಗಿಲ್ವಾ?’ ಎಂದರು ಒಬ್ಬರು. ಅವಳು ತಲೆ ತಗ್ಗಿಸಿದಳು. ಮೀಟಿಂಗ್ ಮುಗಿದ ಮೇಲೆ ಕಾರಿಡಾರಿನಲ್ಲಿ ನನ್ನ ಹತ್ತಿರ ಬಂದು, ಅತ್ತಿತ್ತ ನೋಡಿ, ಮೊಬೈಲು ಕೈಗಿಟ್ಟಳು. ಒಂದು ಒಳ್ಳೆಯ ಜರ್ನಲ್ಲಿನಿಂದ ಬಂದ ಪತ್ರ. ಲೇಖನ ಸ್ವೀಕಾರವಾಗಿಲ್ಲ ಎಂದು ಮೊದಲ ಪ್ಯಾರಾದಲ್ಲೇ ಇತ್ತು. ಕೆಳಗೆ, ಲೇಖನ ಓದಿ ಅಭಿಪ್ರಾಯ ಹೇಳಲು ಜರ್ನಲ್ ಕೇಳಿಕೊಂಡಿದ್ದ ಇಬ್ಬರು ವಿಷಯತಜ್ಞರು, ಅಂದರೆ ವಿಮರ್ಶಕರು, ಬರೆದ ನಾಲ್ಕು ಪುಟಗಳ ಟಿಪ್ಪಣಿ. ‘ಮೇಡಂ, ಇದನ್ನ ಯಾರಿಗೂ ಹೇಳ್ಬೇಡಿ. ಗೈಡ್‌ಗೂ ತೋರಿಸಿಲ್ಲ’ ಅಂದಳು.

ನಿಂತಲ್ಲೇ ಓದಿದೆ. ಮೂರು ವರ್ಷದಲ್ಲಿ ಆ ಹುಡುಗಿಯ ಕೆಲಸವನ್ನು ಅಷ್ಟು ಗಮನವಿಟ್ಟು ಬೇರೆ ಯಾರೂ ಓದಿರಲಿಲ್ಲ. ಸಮಿತಿಯ ನಾವಂತೂ ಓದಿರಲಿಲ್ಲ. ಅವಳ ಸಮೀಕ್ಷೆಯ ಪ್ರಶ್ನೆ ಸಂಖ್ಯೆ ಹದಿನಾಲ್ಕರ ಮಾತೇ ಉತ್ತರವನ್ನು ಬಾಯಿಗೆ ತುರುಕುವಂತಿದೆ ಎಂದು ಯಾರೋ ಒಬ್ಬರು ಎಲ್ಲಿಂದಲೋ, ಒಂದು ಪೈಸೆ ಪಡೆಯದೆ, ಬಿಡಿಸಿ ಬರೆದಿದ್ದರು. ಆ ಪತ್ರವನ್ನು ಅವಳು ಕಳ್ಳಮಾಲಿನಂತೆ ಬಚ್ಚಿಟ್ಟುಕೊಂಡಿದ್ದಳು. ಯಾಕೆಂದರೆ ನಮ್ಮ ನಮೂನೆಯಲ್ಲಿ ಅದನ್ನು ಬರೆಯಲು ಕಾಲಂ ಇಲ್ಲ.

ಈ ಪತ್ರ ಆ ಕಾಲಂ ಬಗ್ಗೆ.

ನನ್ನದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಅರ್ಥಶಾಸ್ತ್ರದವಳು, ಮಲೆನಾಡಿನ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನನ್ನ ಮೊದಲ ಗಂಭೀರ ಲೇಖನ ಅಡಿಕೆ ಮಾರಾಟದ ಮೇಲೆ. ಸಹಕಾರ ಸಂಘದ ಮೂಲಕ ಮಾರಿದವರಿಗೆ, ಮನೆ ಬಾಗಿಲಲ್ಲಿ ವ್ಯಾಪಾರಿಗೆ ಕೊಟ್ಟವರಿಗಿಂತ ಕ್ವಿಂಟಾಲಿಗೆ ಹೆಚ್ಚು ದರ ಸಿಕ್ಕಿತ್ತು. ಸಂಘದಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿ ಟೆಂಡರಿಗೆ ಇಡುತ್ತಾರಲ್ಲ, ಆ ವಿಂಗಡಣೆಯೇ ಹೆಚ್ಚು ದರಕ್ಕೆ ಕಾರಣ ಎಂದು ನಾನು ತೀರ್ಮಾನ ಕೊಟ್ಟಿದ್ದೆ. ಚಂದದ ತೀರ್ಮಾನ. ಸಹಕಾರಿಗಳಿಗೂ ಖುಷಿ, ನನಗೂ ಖುಷಿ.

ಮೊದಲ ಜರ್ನಲ್ ನಾಲ್ಕೇ ದಿನದಲ್ಲಿ ವಾಪಸ್ ಕಳಿಸಿತು. ವಿಮರ್ಶಕರ ತನಕ ಹೋಗಲೇ ಇಲ್ಲ, ಸಂಪಾದಕರ ಮೇಜಿನಿಂದಲೇ ಹಿಂತಿರುಗಿತು. ಅದರಿಂದ ಕಲಿಯುವಂಥದ್ದೇನೂ ಇರಲಿಲ್ಲ. ಅವರ ವ್ಯಾಪ್ತಿಗೆ ಬಾರದ ವಿಷಯವನ್ನು ಅವರ ಹಳೆಯ ಸಂಚಿಕೆಗಳನ್ನು ತಿರುವಿಯೂ ನೋಡದೆ ಕಳಿಸಿದ್ದೆ. ಎರಡನೆಯ ಜರ್ನಲ್ ಏಳು ತಿಂಗಳು ಇಟ್ಟುಕೊಂಡಿತು. ಆಮೇಲೆ ಬಂದ ಪತ್ರದಲ್ಲಿ ಎರಡನೆಯ ವಿಮರ್ಶಕರ ಒಂದು ಪ್ರಶ್ನೆ ಹೀಗಿತ್ತು, ನನ್ನ ಮಾತಿನಲ್ಲಿ ಹೇಳುತ್ತೇನೆ: ಸಂಘದಲ್ಲಿ ಮಾರಲು ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ, ದರ ಬರುವ ತನಕ ಇಟ್ಟುಕೊಳ್ಳುವ ತಾಕತ್ತು ಬೇಕು. ಕೊಯ್ಲಿಗೆ ಮೊದಲೇ ದುಡ್ಡು ಬೇಕಾದವರು ಏನು ಮಾಡುತ್ತಾರೆ? ಅವರನ್ನು ಎಲ್ಲಿ ಲೆಕ್ಕ ಹಿಡಿದಿದ್ದೀರಿ?

ಏನು ಮಾಡುತ್ತಾರೆಂದು ನನಗೆ ಗೊತ್ತಿಲ್ಲದೆ ಇಲ್ಲ. ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಡುತ್ತಾರೆ. ನಮ್ಮ ಮನೆಯ ತೋಟವನ್ನೇ ಅಪ್ಪ ಎರಡು ವರ್ಷ ಚೇಣಿಗೆ ಕೊಟ್ಟಿದ್ದರು, ಅಕ್ಕನ ಮದುವೆಯ ಸಾಲಕ್ಕೆ. ಮರದ ಮೇಲಿನ ಫಸಲನ್ನು ಚೇಣಿದಾರನಿಗೆ ಬಿಟ್ಟು ಮುಂಗಡ ತೆಗೆದುಕೊಂಡವರು ನನ್ನ ಕೋಷ್ಟಕದೊಳಗೆ ಬರಲೇ ಇಲ್ಲ. ಅಂದರೆ ನಾನು ಅಳೆದದ್ದು ವಿಂಗಡಣೆಯ ಲಾಭವನ್ನಲ್ಲ, ಕಾಯುವ ಶಕ್ತಿ ಇದ್ದವರ ಲಾಭವನ್ನು. ಯಾರೋ ಅಪರಿಚಿತರು ಕೇಳುವ ತನಕ ನನ್ನ ಮನೆಯ ಸಂಗತಿ ನನ್ನ ಲೇಖನಕ್ಕೆ ಹೊಳೆದಿರಲಿಲ್ಲ.

ಇದನ್ನೆಲ್ಲ ಈಗ ಸಮಾಧಾನದಿಂದ ಬರೆಯುತ್ತಿದ್ದೇನೆ. ಆವತ್ತು ಹಾಗಿರಲಿಲ್ಲ. ‘ಎ.ಸಿ. ರೂಮಿನಲ್ಲಿ ಕೂತವರಿಗೆ ಅಡಿಕೆ ಬಗ್ಗೆ ಏನು ಗೊತ್ತು’ ಎಂದು ಸ್ಟಾಫ್ ರೂಮಿನಲ್ಲಿ ಕೂಗಾಡಿದೆ. ಒಂದು ತಿಂಗಳು ಆ ಫೈಲ್ ತೆರೆಯಲಿಲ್ಲ. ಲೇಖನವನ್ನು ಹಾಗೇ ಮೂರನೆಯ ಜರ್ನಲ್ಲಿಗೆ ಕಳಿಸಿದೆ, ಒಂದಕ್ಷರ ಬದಲಿಸದೆ. ಅಲ್ಲಿಯೂ ಅದೇ ಪ್ರಶ್ನೆ ಬಂತು, ಈ ಸಲ ಇನ್ನೂ ಮೊನಚಾಗಿ. ಕೊನೆಗೆ ಬೇಸಿಗೆ ರಜೆಯಲ್ಲಿ ಚೇಣಿಗೆ ಕೊಟ್ಟ 40 ಮನೆಗಳಿಗೆ ಹೋದೆ. ಸಂಘದ ಮಾರಾಟದ ಮೇಲುಗೈ ಅರ್ಧಕ್ಕಿಂತ ಕೆಳಗಿಳಿಯಿತು. ನಾಲ್ಕನೆಯ ಸಲಕ್ಕೆ ಅಚ್ಚಾದ ಲೇಖನದ ಶೀರ್ಷಿಕೆಯಲ್ಲಿ ‘ವಿಂಗಡಣೆ’ ಎಂಬ ಪದವೇ ಇಲ್ಲ.

ರಿಜೆಕ್ಟ್ ಆದವರನ್ನು ಸಮಾಧಾನ ಮಾಡುವಾಗ ನಾವೆಲ್ಲ ದೊಡ್ಡವರ ಕಥೆ ಹೇಳುತ್ತೇವೆ. ಅರ್ಥಶಾಸ್ತ್ರದಲ್ಲಿ ಅದು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಆಕರ್ಲಾಫ್ ಕಥೆ. ಮಾರುವವನಿಗೆ ಮಾಲಿನ ಗುಣ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಸರಾಸರಿ ದರ ಕೊಡುತ್ತಾನೆ, ಒಳ್ಳೆಯ ಮಾಲು ಇದ್ದವನು ಸಂತೆ ಬಿಟ್ಟು ಹೋಗುತ್ತಾನೆ. ಇದನ್ನೇ ಹಳೇ ಕಾರಿನ ಉದಾಹರಣೆ ಹಿಡಿದು ಅವರು ಬರೆದ ಲೇಖನವನ್ನು ಮೂರು ಜರ್ನಲ್ಲುಗಳು ತಿರಸ್ಕರಿಸಿದವು. ಇದೇನು ಮಹಾ ವಿಷಯ ಎಂಬುದು ಒಂದು ಆಕ್ಷೇಪ. ಇದು ನಿಜವಾದರೆ ಅರ್ಥಶಾಸ್ತ್ರವೇ ಬೇರೆಯಾಗಬೇಕಾಗುತ್ತದೆ ಎಂಬುದು ಇನ್ನೊಂದು. 1970ರಲ್ಲಿ ನಾಲ್ಕನೆಯ ಕಡೆ ಅಚ್ಚಾಯಿತು, 2001ರಲ್ಲಿ ನೊಬೆಲ್ ಬಂತು. ರಾಶಿ ಅಡಿಕೆಯಲ್ಲಿ ಹಳೇದು ಬೆರೆಸುವುದನ್ನು ಕಂಡವರಿಗೆ ಈ ಸಿದ್ಧಾಂತ ಕ್ಲಾಸಿನಲ್ಲಿ ಕೂತು ಕಲಿಯಬೇಕಾದದ್ದೇ ಅಲ್ಲ, ಆ ಮಾತು ಬೇರೆ.

ಆದರೆ ಈ ಕಥೆಯನ್ನು ಔಷಧಿಯಂತೆ ಹಂಚುವುದನ್ನು ನಾನು ಬಿಟ್ಟಿದ್ದೇನೆ. ಆಕರ್ಲಾಫ್ ಲೇಖನ ತಿರಸ್ಕೃತವಾಗಿತ್ತು ಎಂದ ಮಾತ್ರಕ್ಕೆ ತಿರಸ್ಕೃತವಾದದ್ದೆಲ್ಲ ಆಕರ್ಲಾಫ್ ಲೇಖನವಾಗುವುದಿಲ್ಲ. ನಮ್ಮಲ್ಲಿ ಬಹುಪಾಲು ಪೇಪರುಗಳು ತಿರಸ್ಕಾರಕ್ಕೆ ಯೋಗ್ಯವಾಗಿಯೇ ಇರುತ್ತವೆ. ನನ್ನದಂತೂ ಇತ್ತು. ವಿದ್ಯಾರ್ಥಿಗಳಿಗೆ ಹೇಳುವುದಾದರೆ ಐನ್‌ಸ್ಟೀನ್ ಕಥೆ ಹೇಳಿ, ಪೂರ್ತಿ ಹೇಳಿ. 1936ರಲ್ಲಿ ಅವರು ನೇಥನ್ ರೋಸೆನ್ ಜೊತೆ ಸೇರಿ, ಗುರುತ್ವದ ಅಲೆಗಳು ಇಲ್ಲ ಎಂಬ ತೀರ್ಮಾನದ ಲೇಖನವನ್ನು ಅಮೆರಿಕದ ‘ಫಿಸಿಕಲ್ ರಿವ್ಯೂ’ಗೆ ಕಳಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ಒಬ್ಬ ವಿಮರ್ಶಕರಿಗೆ ಕೊಟ್ಟರು. ಹತ್ತು ಪುಟದ ಟಿಪ್ಪಣಿ ಬಂತು. ಐನ್‌ಸ್ಟೀನ್ ಕೆಂಡವಾದರು. ಅಚ್ಚಿಗೆಂದು ಕಳಿಸಿದ್ದನ್ನು ತಜ್ಞರಿಗೆ ತೋರಿಸಲು ನಾವು ಅನುಮತಿ ಕೊಟ್ಟಿರಲಿಲ್ಲ ಎಂದು ಬರೆದು ಲೇಖನ ಹಿಂಪಡೆದರು. ಆದರೆ ತಪ್ಪು ಇದ್ದದ್ದು ಲೇಖನದಲ್ಲೇ. ಮರುವರ್ಷ ಬೇರೆ ಪತ್ರಿಕೆಯಲ್ಲಿ ಪ್ರಕಟವಾದಾಗ ತೀರ್ಮಾನ ತಿರುವುಮುರುವಾಗಿತ್ತು. ಆ ಅನಾಮಿಕ ವಿಮರ್ಶಕ ಭೌತವಿಜ್ಞಾನಿ ಹೊವರ್ಡ್ ರಾಬರ್ಟ್‌ಸನ್ ಎಂದು ಜಗತ್ತಿಗೆ ಖಚಿತವಾಗಿ ತಿಳಿದದ್ದು 2005ರಲ್ಲಿ. ಅಷ್ಟು ಹೊತ್ತಿಗೆ ಅವರು ತೀರಿಹೋಗಿ ದಶಕಗಳಾಗಿದ್ದವು. ಈ ಕಥೆಯಲ್ಲಿ ನನಗೆ ಇಷ್ಟವಾಗುವುದು ಐನ್‌ಸ್ಟೀನ್ ಅಲ್ಲ, ಆ ಹತ್ತು ಪುಟ ಬರೆದವರು.

ಈಗ ನಮ್ಮ ಲೆಕ್ಕಪತ್ರಕ್ಕೆ ಬರೋಣ. ಪಿಎಚ್.ಡಿ ಪ್ರಬಂಧ ಸಲ್ಲಿಸುವ ಮೊದಲು ಪೇಪರ್ ಪ್ರಕಟವಾಗಿರಬೇಕು ಎಂಬ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮ 2009ರಿಂದ ಇತ್ತು. 2022ರ ನವೆಂಬರ್‌ನ ನಿಯಮಾವಳಿ ಅದನ್ನು ಕಡ್ಡಾಯದಿಂದ ಕೈಬಿಟ್ಟಿತು. ನಾವು ಬಿಟ್ಟೆವೇ? ಎಷ್ಟೋ ಕಡೆ ಸ್ಥಳೀಯ ನಿಯಮದಲ್ಲಿ ಅದು ಇನ್ನೂ ಕೂತಿದೆ. ನಿಯಮದಲ್ಲಿ ಇಲ್ಲದ ಕಡೆ ಗೈಡಿನ ಬಾಯಲ್ಲಿದೆ. ಪ್ರಬಂಧಕ್ಕೆ ಬೇಡವೆಂದರೂ ನೌಕರಿಗೆ ಬೇಕು. ಸಹಾಯಕ ಪ್ರಾಧ್ಯಾಪಕರ ಸಂದರ್ಶನಕ್ಕೆ ಆಯ್ಕೆಪಟ್ಟಿ ಮಾಡುವಾಗ ಒಂದು ಪೇಪರಿಗೆ 2 ಅಂಕ ಎಂದು ಯುಜಿಸಿಯ 2018ರ ನಿಯಮಾವಳಿಯ ಕೋಷ್ಟಕ ಹೇಳುತ್ತದೆ. ವರ್ಷಗಟ್ಟಲೆ ತೋಟ ಸುತ್ತಿ ಬರೆದದ್ದಕ್ಕೂ 2, ವಾಟ್ಸ್ಆ್ಯಪ್‌ನಲ್ಲಿ ಬಂದ ‘ಸರ್ಟಿಫಿಕೇಟ್ ಸಮೇತ ಶೀಘ್ರ ಪ್ರಕಟಣೆ’ ಜಾಹೀರಾತಿಗೆ ದುಡ್ಡು ಹಾಕಿದ್ದಕ್ಕೂ 2.

ನಕಲಿ ಜರ್ನಲ್ಲುಗಳನ್ನು ತಡೆಯಲು ಪಟ್ಟಿಗಳು ಬಂದವು. ಮಾನ್ಯತೆ ಪಡೆದ ಪಟ್ಟಿಯಿಂದಲೇ 2018ರ ಮೇ ತಿಂಗಳಲ್ಲಿ ಯುಜಿಸಿ 4,305 ಜರ್ನಲ್ಲುಗಳನ್ನು ತೆಗೆದುಹಾಕಬೇಕಾಯಿತು. 2019ರಲ್ಲಿ ಒಳ್ಳೆಯ ಜರ್ನಲ್ಲುಗಳನ್ನು ಗುರುತಿಸಲು ಯುಜಿಸಿಯದೇ ಹೊಸ ಪಟ್ಟಿ, ಕೇರ್ ಪಟ್ಟಿ, ಬಂತು. ಬಂದ ಕೂಡಲೇ ಆ ಪಟ್ಟಿಯಲ್ಲಿದ್ದ ಜರ್ನಲ್ಲುಗಳ ಹೆಸರಿನಲ್ಲೇ ತದ್ರೂಪಿ ಜಾಲತಾಣಗಳು ಎದ್ದವು. 2025ರ ಫೆಬ್ರುವರಿಯಲ್ಲಿ ಕೇರ್ ಪಟ್ಟಿಯೂ ಮುಗಿಯಿತು. ಜರ್ನಲ್ ಒಳ್ಳೆಯದೋ ಕೆಟ್ಟದ್ದೋ ಎಂದು ಇನ್ನು ಮುಂದೆ ಸಂಸ್ಥೆಗಳೇ ನೋಡಿಕೊಳ್ಳಬೇಕು. ದೊಡ್ಡ ಪ್ರಕಾಶಕರ ಹೆಸರು ನೋಡಿ ನಂಬೋಣವೆಂದರೆ, ವೈಲಿ ಸಂಸ್ಥೆ ಕೊಂಡುಕೊಂಡ ಹಿಂದವಿಯ ಜರ್ನಲ್ಲುಗಳಿಂದ 2023 ಒಂದೇ ವರ್ಷದಲ್ಲಿ 8,000ಕ್ಕೂ ಹೆಚ್ಚು ಲೇಖನಗಳನ್ನು ಹಿಂಪಡೆಯಬೇಕಾಯಿತು. ಅಲ್ಲಿ ವಿಮರ್ಶೆಯನ್ನೇ ಹಾಳುಗೆಡವಿದ್ದರು.

ಹಾಗಾದರೆ ಒಂದು ಜರ್ನಲ್ ಅಸಲಿಯೋ ಅಲ್ಲವೋ ಎಂದು ಸಮಿತಿಯ ಮೇಜಿನ ಮೇಲೆ ಕೂತು ತಿಳಿಯುವುದು ಹೇಗೆ? ನನಗೆ ತೋಚುವುದು ಒಂದೇ. ‘ವಿಮರ್ಶಕರ ಪತ್ರ ಎಲ್ಲಿದೆ, ತೋರಿಸಪ್ಪ’ ಎಂದು ಕೇಳುವುದು. ಲೇಖನವನ್ನು ಒಬ್ಬರು ಓದಿದ್ದರೆ ಓದಿದ ಗುರುತು ಇರುತ್ತದೆ. ‘ಉತ್ತಮ ಲೇಖನ, ವ್ಯಾಕರಣ ಸರಿಪಡಿಸಿ’ ಎಂಬ ಒಂದು ಸಾಲು ಬಂದಿದ್ದರೆ ಆ ಜರ್ನಲ್ಲಿನ ಜಾತಕ ಅಷ್ಟರಲ್ಲೇ ಇದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಪ್ರಗತಿ ಪರಿಶೀಲನೆಯ ನಮೂನೆಯಲ್ಲಿ ‘ಪ್ರಕಟಿತ’ ಎಂಬುದರ ಪಕ್ಕ ಇನ್ನೊಂದು ಕಾಲಂ ಹಾಕಿ: ಎಲ್ಲಿಗೆ ಕಳಿಸಿದೆ, ಏನು ವಿಮರ್ಶೆ ಬಂತು, ಅದರಿಂದ ಲೇಖನದಲ್ಲಿ ಏನು ಬದಲಾಯಿತು. ತಿರಸ್ಕಾರವಾಗಿದ್ದರೂ ಸರಿ, ವಿಮರ್ಶಾಪತ್ರ ಲಗತ್ತಿಸಿದ್ದರೆ ಅದನ್ನು ಆ ಆರು ತಿಂಗಳ ಕೆಲಸವೆಂದು ಒಪ್ಪಿಕೊಳ್ಳಿ. ಇದಕ್ಕೆ ದೆಹಲಿಯಿಂದ ಸುತ್ತೋಲೆ ಬರಬೇಕಿಲ್ಲ. ಯುಜಿಸಿ 2019ರ ಕೊನೆಯಲ್ಲಿ ಪಿಎಚ್.ಡಿಯವರಿಗೆಲ್ಲ ಕಡ್ಡಾಯ ಮಾಡಿದ ಸಂಶೋಧನೆ ಮತ್ತು ಪ್ರಕಟಣೆಯ ನೀತಿಶಾಸ್ತ್ರದ ಕೋರ್ಸ್ ಇದೆಯಲ್ಲ, 2 ಕ್ರೆಡಿಟ್, 30 ಗಂಟೆ. ಎಷ್ಟೋ ಕಡೆ ಅದು ಪಿಪಿಟಿ ಓದುವುದರಲ್ಲಿ ಮುಗಿಯುತ್ತದೆ. ಅದರಲ್ಲಿ ನಾಲ್ಕು ಗಂಟೆ ತೆಗೆದಿಟ್ಟು, ನೀವು ನಿಮ್ಮ ಜೀವನದಲ್ಲಿ ಪಡೆದ ರಿಜೆಕ್ಟ್ ಪತ್ರಗಳನ್ನು ತಂದು ವಿದ್ಯಾರ್ಥಿಗಳ ಮುಂದೆ ಹರಡಿ.

ಮುಜುಗರವೆನಿಸಬಹುದು. ಆದರೆ ನಾವು ಬಾಯಿಬಿಡದ ಕಾರಣಕ್ಕೆ ಮಕ್ಕಳು ಎಂಥೆಂಥ ತಪ್ಪು ಮಾಡುತ್ತಾರೆ ನೋಡಿ. ‘ಮೇಜರ್ ರಿವಿಷನ್’, ಅಂದರೆ ಚೆನ್ನಾಗಿ ತಿದ್ದಿ ಮತ್ತೆ ಕಳಿಸಿ, ಎಂಬ ಉತ್ತರವನ್ನು ರಿಜೆಕ್ಟ್ ಎಂದೇ ತಿಳಿದು, ಲೇಖನವನ್ನು ದುಡ್ಡಿನ ಜರ್ನಲ್ಲಿಗೆ ಹಾಕಿಬಿಟ್ಟ ಒಬ್ಬ ಹುಡುಗ ನನಗೆ ಗೊತ್ತು. ತಿದ್ದಿ ಕಳಿಸಿದ್ದರೆ ಮುಕ್ಕಾಲು ದಾರಿ ದಾಟಿದಂತೆಯೇ ಇತ್ತು. ಅದು ಒಳ್ಳೆಯ ಸುದ್ದಿ ಕಣಪ್ಪ ಎಂದು ಹೇಳುವವರು ಅವನಿಗೆ ಇರಲಿಲ್ಲ. ಇನ್ನು ಕೆಲವರು ‘ಒಂದಲ್ಲ ಒಂದು ಕಡೆ ಆಗುತ್ತೆ’ ಎಂದು ಒಂದೇ ಲೇಖನವನ್ನು ಒಟ್ಟಿಗೆ ಮೂರು ಕಡೆ ಕಳಿಸುತ್ತಾರೆ. ಅದು ನಿಷಿದ್ಧ ಎಂಬುದೇ ತಿಳಿದಿರುವುದಿಲ್ಲ. ತಿರಸ್ಕೃತವಾದದ್ದನ್ನು ನನ್ನಂತೆ ಕಣ್ಣುಮುಚ್ಚಿ ಮುಂದಿನ ಜರ್ನಲ್ಲಿಗೆ ದಾಟಿಸುವವರು ಇನ್ನೂ ಹೆಚ್ಚು. ಒಂದು ಸಣ್ಣ ವಿಷಯದಲ್ಲಿ ಓದಬಲ್ಲವರು ಎಷ್ಟು ಜನ ಇದ್ದಾರು? ಹೋದ ವರ್ಷ ಒಂದೇ ಲೇಖನ ಎರಡು ಜರ್ನಲ್ಲುಗಳಿಂದ ನನ್ನ ಹತ್ತಿರವೇ ವಿಮರ್ಶೆಗೆ ಬಂತು. ನಾನು ಗುರುತು ಮಾಡಿದ್ದ ಕಾಗುಣಿತದ ತಪ್ಪು ಕೂಡ ಹಾಗೇ ಕೂತಿತ್ತು. ಇದನ್ನು ಮೊದಲೇ ಬೇರೆ ಕಡೆ ನೋಡಿದ್ದೇನೆ ಎಂದು ಸಂಪಾದಕರಿಗೆ ಬರೆದೆ. ಪಾಪ ಅನ್ನಿಸಿತು, ಸಿಟ್ಟೂ ಬಂತು.

ಪತ್ರ ಬಂದ ದಿನ ಏನು ಮಾಡಬೇಕು ಎಂದು ನನ್ನ ಹತ್ತಿರ ಕೇಳಿದರೆ, ಆ ದಿನ ಏನೂ ಮಾಡಬೇಡ ಅನ್ನುತ್ತೇನೆ. ಸಂಪಾದಕರಿಗೆ ಆ ರಾತ್ರಿಯೇ ಬರೆದ ಉತ್ತರದಿಂದ ಯಾರಿಗೂ ಒಳ್ಳೆಯದಾದದ್ದು ನಾನು ಕಂಡಿಲ್ಲ. ಒಂದು ವಾರ ಕಳೆದ ಮೇಲೆ ಪತ್ರದ ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಕೂರಬೇಕು. ಕೆಲವು ಆಕ್ಷೇಪಗಳನ್ನು ಮೇಜಿನಲ್ಲೇ ಕೂತು ಸರಿಮಾಡಬಹುದು. ಕೆಲವಕ್ಕೆ ಮತ್ತೆ ಊರಿಗೆ ಹೋಗಬೇಕು, ಅಥವಾ ಲ್ಯಾಬಿಗೆ. ಇನ್ನು ಕೆಲವು ಇರುತ್ತವೆ, ‘ಅಯ್ಯೋ ಇವರಿಗೆ ಅರ್ಥವೇ ಆಗಿಲ್ಲ, ಐದನೇ ಪುಟದಲ್ಲೇ ಬರೆದಿದ್ದೇನಲ್ಲ’ ಎಂದು ನಾವು ಹಾರಾಡುವಂಥವು. ನನ್ನ ಅನುಭವದಲ್ಲಿ ಹೆಚ್ಚು ಪ್ರಯೋಜನ ಸಿಗುವುದು ಈ ಮೂರನೆಯ ಗುಂಪಿನಿಂದ. ಆ ವಿಷಯ ಬಲ್ಲವರೊಬ್ಬರು ಓದಿ ತಪ್ಪು ತಿಳಿದರೆಂದರೆ ಐದನೇ ಪುಟದ ಆ ವಾಕ್ಯ ಕೆಟ್ಟಿದೆ ಎಂದೇ ಲೆಕ್ಕ.

ತಿದ್ದಲು ಅವಕಾಶ ಕೊಟ್ಟಿದ್ದರೆ, ಒಂದೊಂದು ಆಕ್ಷೇಪವನ್ನೂ ಇದ್ದ ಹಾಗೆ ನಕಲು ಮಾಡಿ ಅದರ ಕೆಳಗೆ ಏನು ಮಾಡಿದೆ, ಯಾವ ಪುಟದಲ್ಲಿ ಮಾಡಿದೆ ಎಂದು ಬರೆಯಬೇಕು. ಒಪ್ಪದಿದ್ದರೆ ಯಾಕೆ ಒಪ್ಪುವುದಿಲ್ಲ ಎಂದು ಆಧಾರ ಕೊಟ್ಟು ಹೇಳಬಹುದು, ಅದು ಧಿಕ್ಕಾರವಲ್ಲ. ನಮ್ಮ ಮಕ್ಕಳು ಎರಡು ತುದಿಗೆ ಹೋಗುತ್ತಾರೆ. ಒಂದೋ ವಿಮರ್ಶಕರು ಹೇಳಿದ್ದೆಲ್ಲ ವೇದವಾಕ್ಯವೆಂದು ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಎದುರಾಗಿರುವಾಗಲೂ ಇಬ್ಬರನ್ನೂ ಪಾಲಿಸಲು ಹೋಗಿ ಲೇಖನವನ್ನು ಕಲಸುಮೇಲೋಗರ ಮಾಡುತ್ತಾರೆ. ಇಲ್ಲವೇ ವಕೀಲರ ನೋಟಿಸಿಗೆ ಉತ್ತರ ಕೊಟ್ಟಂತೆ ಕೊಡುತ್ತಾರೆ. ವಿಮರ್ಶಕರಿಬ್ಬರೂ ಎರಡು ದಿಕ್ಕಿಗೆ ಎಳೆದರೆ ಸಂಪಾದಕರನ್ನೇ ಕೇಳಬಹುದು. ಅವರು ಇರುವುದೇ ಅದಕ್ಕೆ.

ವಿಮರ್ಶೆಯೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ‘ನಮ್ಮ ಕಾಲೇಜಿನ ಹೆಸರು ನೋಡಿಯೇ ಬದಿಗಿಟ್ಟರು ಮೇಡಂ’ ಎಂದು ವಿದ್ಯಾರ್ಥಿಗಳು ಹೇಳುವಾಗ ಸುಮ್ಮನೆ ನೆಪ ಅಂತ ತಳ್ಳಿಹಾಕಲು ನನಗೆ ಧೈರ್ಯವಿಲ್ಲ. ಅಮೆರಿಕದಲ್ಲಿ ಪೀಟರ್ಸ್ ಮತ್ತು ಸೆಸಿ ಎಂಬ ಇಬ್ಬರು 1982ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಹೆಸರಾಂತ ಸಂಸ್ಥೆಗಳಿಂದ ಬಂದು ಮನಶ್ಶಾಸ್ತ್ರದ ಜರ್ನಲ್ಲುಗಳಲ್ಲಿ ಆಗಲೇ ಅಚ್ಚಾಗಿದ್ದ 12 ಲೇಖನಗಳಿಗೆ ಯಾರೂ ಕೇಳದ ಹೆಸರು, ಯಾರೂ ಕೇಳದ ಸಂಸ್ಥೆ ಹಚ್ಚಿ, ಅವೇ ಜರ್ನಲ್ಲುಗಳಿಗೆ ಮತ್ತೆ ಕಳಿಸಿದರು. ಸಿಕ್ಕಿಬಿದ್ದದ್ದು 3. ಉಳಿದ 9ರಲ್ಲಿ 8 ತಿರಸ್ಕೃತವಾದವು, ವಿಧಾನದಲ್ಲೇ ದೋಷವಿದೆ ಎಂಬಂಥ ಕಾರಣಕ್ಕೆ. ಲೇಖಕರ ಹೆಸರು ಮುಚ್ಚಿಟ್ಟು ವಿಮರ್ಶೆಗೆ ಕಳಿಸುವ ಜರ್ನಲ್ಲುಗಳು ನಮ್ಮ ಸಮಾಜ ವಿಜ್ಞಾನಗಳಲ್ಲಿ ಸಾಕಷ್ಟಿವೆ. ಮೊದಲ ಪೇಪರಿಗೆ ಅಂಥದ್ದನ್ನು ಹುಡುಕಿಕೊಡುವುದು ಗೈಡಿನ ಕೆಲಸ. ‘ನನ್ನ ಐದು ಲೇಖನ ಉಲ್ಲೇಖಿಸು’ ಎಂದು ಮುಖ ಮುಚ್ಚಿಕೊಂಡು ಹೇಳುವ ವಿಮರ್ಶಕರೂ ಇದ್ದಾರೆ. ‘ಇಂಗ್ಲಿಷ್ ಮಾತೃಭಾಷೆಯವರಿಂದ ತಿದ್ದಿಸಿ’ ಎಂಬ ಒಂದೇ ಸಾಲಿಗೆ ಕನ್ನಡ ಮಾಧ್ಯಮದ ಮಕ್ಕಳು ಎಷ್ಟು ಕುಗ್ಗುತ್ತಾರೆಂದು ಆ ಸಾಲು ಬರೆದವರಿಗೆ ಗೊತ್ತಾಗುವುದಿಲ್ಲ. ಅಂಥ ಪತ್ರವನ್ನು ಒಬ್ಬಳೇ ಹಾಸ್ಟೆಲ್ ಕೋಣೆಯಲ್ಲಿ ಓದುವುದಕ್ಕೂ, ಗೈಡ್ ಪಕ್ಕದಲ್ಲಿ ಕೂತು ‘ಈ ಸಾಲು ಬಿಡು, ಅದರ ಕೆಳಗಿನದು ಸರಿಯಾಗಿದೆ ನೋಡು’ ಎನ್ನುವುದಕ್ಕೂ ಬಹಳ ಅಂತರ.

ಕೊನೆಗೊಂದು ಮಾತು, ಇದು ನಮ್ಮನ್ನೇ ಕುರಿತದ್ದು. ವಿಮರ್ಶೆಗೆ ಬಂದ ಲೇಖನವನ್ನು ಮೂರು ತಿಂಗಳು ಇಟ್ಟುಕೊಂಡು, ಸಂಪಾದಕರ ಮೂರನೇ ನೆನಪೋಲೆಗೆ ನಾಲ್ಕು ಸಾಲು ಗೀಚಿ ಕಳಿಸುವವರು ಹೊರಗಿನವರಲ್ಲ, ನಾವೇ. ಏಳು ತಿಂಗಳು ಕಾಯಿಸಿದರು ಎಂದು ನಾನು ಗೊಣಗಿದೆನಲ್ಲ, ಹೋದ ಮಳೆಗಾಲದಲ್ಲಿ ಯಾರದೋ ಲೇಖನವನ್ನು ನಾನು 11 ವಾರ ಕಾಯಿಸಿದ್ದೇನೆ. ಪರೀಕ್ಷೆ, ಮೌಲ್ಯಮಾಪನ, ಮನೆಯಲ್ಲಿ ಕೊಯ್ಲು. ವಿಮರ್ಶೆ ಮಾಡಲು ನನ್ನಿಂದ ಆಗುವುದಿಲ್ಲ ಎಂದು ಎರಡೇ ದಿನದಲ್ಲಿ ತಿಳಿಸಬಹುದಿತ್ತು. ತಿಳಿಸಲಿಲ್ಲ.

ಆ ಹುಡುಗಿ ಪತ್ರವನ್ನು ಗೈಡಿಗೆ ತೋರಿಸಿದ್ದಾಳೆ. ಅವರು ಬೈಯಲಿಲ್ಲವಂತೆ, ಸ್ವಲ್ಪ ಹೊತ್ತು ಓದಿ ‘ಹದಿನಾಲ್ಕನೇ ಪ್ರಶ್ನೆ ನಾನೇ ಸೇರಿಸು ಅಂದಿದ್ದೆ’ ಅಂದರಂತೆ. ಮುಂದಿನ ತಿಂಗಳು ನಮ್ಮಲ್ಲಿ ಕೋರ್ಸ್‌ವರ್ಕ್ ಶುರುವಾಗುತ್ತದೆ. ನನ್ನ ಮೂರು ತಿರಸ್ಕಾರ ಪತ್ರಗಳಿಗೆ ಇಪ್ಪತ್ತು ಇಪ್ಪತ್ತು ಜೆರಾಕ್ಸ್ ಮಾಡಿಸಿಟ್ಟಿದ್ದೇನೆ. ಒಂದರಲ್ಲಿ ಸಂಪಾದಕರು ನನ್ನ ಹೆಸರನ್ನೇ ತಪ್ಪಾಗಿ ಬರೆದಿದ್ದಾರೆ, ಅದನ್ನೂ ಹಾಗೇ ಬಿಟ್ಟಿದ್ದೇನೆ. ನಿಮ್ಮಲ್ಲಿ ಯಾರಾದರೂ ನಿಮ್ಮವನ್ನು ಕೊಡುವುದಾದರೆ ಹೆಸರು ಮಸಿ ಬಳಿದು ಕೊಟ್ಟರೂ ಆದೀತು.

ಇತಿ,
ಮಲೆನಾಡಿನ ಒಬ್ಬ ಅರ್ಥಶಾಸ್ತ್ರ ಅಧ್ಯಾಪಕಿ